ಕಾರಿನ ಗಾಜಿನ ನೀರುಕಲೆ: ಆಮ್ಲದ ಜೆಲ್ ಎಲ್ಲಿಯವರೆಗೆ, ಸೀರಿಯಂ ಪುಡಿ ಎಲ್ಲಿಂದ

ನಾನು ಕಾರು ನಿಲ್ಲಿಸುವ ಜಾಗದ ಪಕ್ಕದಲ್ಲಿ ಹುಲ್ಲಿಗೆ ನೀರು ಹಾಯಿಸುವ ಸ್ಪ್ರಿಂಕ್ಲರ್ ಒಂದಿದೆ. ಅದರ ಮೂತಿ ತುಸು ತಿರುಗಿಕೊಂಡಿದ್ದರಿಂದ ಹಲವು ತಿಂಗಳ ಕಾಲ ದಿನವೂ ಬೆಳಗಿನ ಹೊತ್ತು ಕಾರಿನ ಎಡಬದಿಯ ಎರಡು ಕಿಟಕಿಗಾಜುಗಳಿಗೂ ಹಿಂದಿನ ಗಾಜಿನ ಒಂದು ಮೂಲೆಗೂ ಗಡಸು ನೀರು ಸಿಡಿದು, ಬಿಸಿಲೇರಿದಂತೆ ಅಲ್ಲಿಯೇ ಒಣಗುತ್ತಿತ್ತು. ನಾನು ಅದನ್ನು ಗಮನಿಸುವಷ್ಟರಲ್ಲಿ ಬಿಳಿಯ ಚುಕ್ಕೆಗಳು ಒಂದರ ಮೇಲೊಂದು ಕೂತು, ಬಿಸಿಲು ಓರೆಯಾಗಿ ಬೀಳುವ ಹೊತ್ತಿನಲ್ಲಿ ಎಡಗಡೆಯ ಪಕ್ಕದ ಕನ್ನಡಿಯೇ ಸರಿಯಾಗಿ ಕಾಣದ ಸ್ಥಿತಿ ಬಂದಿತ್ತು. ಮುಂದಿನ ಗಾಜಿನ ಮೇಲೂ ಕಲೆಗಳಿದ್ದವು. ಅವು ಕಾರನ್ನು ಬಿಸಿಲಿನಲ್ಲಿ ತೊಳೆದು ಒರೆಸದೆ ಬಿಟ್ಟಿದ್ದರಿಂದ ಆದವು. ಇವುಗಳನ್ನು ತೆಗೆಯಲು ಕಳೆದ ಎರಡು ತಿಂಗಳಲ್ಲಿ ಮುಖ್ಯವಾಗಿ ಎರಡು ಸಾಮಗ್ರಿಗಳನ್ನು ಬಳಸಿದೆ: ಒಂದು, ಆಮ್ಲ ಬೆರೆಸಿದ ಜೆಲ್, ಇನ್ನೊಂದು, ಡ್ರಿಲ್‌ಗೆ ಸಿಕ್ಕಿಸುವ ಫೆಲ್ಟ್ ಪ್ಯಾಡ್‌ನ ಜೊತೆಗೆ ಬರುವ ಸೀರಿಯಂ ಆಕ್ಸೈಡ್ ಪುಡಿ. ಎರಡೂ ಒಳ್ಳೆಯ ಸಾಮಗ್ರಿಗಳೇ. ಆದರೆ ಒಂದು ಮಾಡುವ ಕೆಲಸವನ್ನು ಇನ್ನೊಂದು ಮಾಡುವುದಿಲ್ಲ, ಮತ್ತು ಈ ಮಾತನ್ನು ಎರಡರ ಡಬ್ಬಿಯ ಮೇಲೂ ಸ್ಪಷ್ಟವಾಗಿ ಬರೆದಿಲ್ಲ. ಈ ವಿಮರ್ಶೆ ಬರೆಯಲು ಅದೇ ಕಾರಣ.

ಮೊದಲು ಕಲೆಯ ವಿಷಯ. ಗಡಸು ನೀರಿನಲ್ಲಿ ಕ್ಯಾಲ್ಸಿಯಂ ಮತ್ತು ಮೆಗ್ನೀಸಿಯಂ ಹೆಚ್ಚಾಗಿ ಬೈಕಾರ್ಬೊನೇಟ್ ರೂಪದಲ್ಲಿ ಕರಗಿರುತ್ತವೆ. ಲೀಟರಿಗೆ 120 ಮಿಲಿಗ್ರಾಂಗಿಂತ ಹೆಚ್ಚು ಇದ್ದರೆ ನೀರನ್ನು ಗಡಸು ಎಂದೂ 180 ದಾಟಿದರೆ ಬಹಳ ಗಡಸು ಎಂದೂ ಸಾಮಾನ್ಯವಾಗಿ ಎಣಿಸುತ್ತಾರೆ. ಈ ಲೆಕ್ಕವನ್ನು ಕ್ಯಾಲ್ಸಿಯಂ ಕಾರ್ಬೊನೇಟ್‌ಗೆ ಸಮನಾಗಿಸಿ ಹೇಳುವುದು ರೂಢಿ. ಹನಿ ಒಣಗುವಾಗ ನೀರು ಆವಿಯಾಗಿ, ಇಂಗಾಲದ ಡೈಆಕ್ಸೈಡ್ ಬಿಟ್ಟುಹೋಗಿ, ಕರಗದ ಕ್ಯಾಲ್ಸಿಯಂ ಕಾರ್ಬೊನೇಟ್ ಗಾಜಿಗೆ ಅಂಟಿಕೊಳ್ಳುತ್ತದೆ. ಸುಣ್ಣಕಲ್ಲು ಆಗಿರುವುದೂ ಇದೇ ವಸ್ತುವಿನಿಂದ. ಹನಿಯ ಅಂಚು ಬೇಗ ಒಣಗುವುದರಿಂದ ಒಳಗಿನ ನೀರು ಖನಿಜವನ್ನು ಹೊತ್ತುಕೊಂಡು ಅಂಚಿನ ಕಡೆಗೇ ಹರಿಯುತ್ತಿರುತ್ತದೆ. ಕಲೆಗಳು ತುಂಬಿದ ಚುಕ್ಕೆಗಳಂತೆ ಕಾಣದೆ ಉಂಗುರಗಳಂತೆ ಕಾಣುವುದು ಅದಕ್ಕೇ. ಮೊಬೈಲಿನ ಟಾರ್ಚನ್ನು ಗಾಜಿಗೆ ಓರೆಯಾಗಿ ಹಿಡಿದು ನೋಡಿದಾಗ ನನ್ನ ಕಾರಿನ ಹಿಂಬಾಗಿಲಿನ ಗಾಜಿನ ಮೇಲೆ ಒಂದೇ ಜಾಗದಲ್ಲಿ ಮೂರು ನಾಲ್ಕು ಉಂಗುರಗಳು ಒಂದನ್ನೊಂದು ಕತ್ತರಿಸಿಕೊಂಡು ಕೂತಿದ್ದವು, ಅವುಗಳ ಅಂಚು ಉಗುರಿಗೆ ತಡೆಯುವಷ್ಟು ದಪ್ಪವಾಗಿತ್ತು.

ಕಲೆ ಇಷ್ಟೇ ಆಗಿದ್ದರೆ ಯಾವ ಹುಳಿ ಪದಾರ್ಥವೂ ಅದನ್ನು ಕರಗಿಸುತ್ತದೆ. ಕಷ್ಟವಿರುವುದು ಮುಂದಿನ ಹಂತದಲ್ಲಿ. ಗಾಜು ನಾವು ತಿಳಿದಷ್ಟು ಜಡವಾದ ವಸ್ತುವಲ್ಲ. ನೀರು ಅದರ ಮೇಲೆ ಮತ್ತೆ ಮತ್ತೆ ನಿಂತು ಒಣಗುತ್ತಿದ್ದರೆ ಗಾಜಿನೊಳಗಿನ ಸೋಡಿಯಂ ಅಂಶ ನಿಧಾನವಾಗಿ ಹೊರಗೆ ಬರುತ್ತದೆ, ಅದರಿಂದ ಆ ಹನಿ ಕ್ಷಾರೀಯವಾಗುತ್ತದೆ, ಕ್ಷಾರ ಹೆಚ್ಚಿದಂತೆ ಅದು ಗಾಜಿನ ಮೂಲ ಚೌಕಟ್ಟಾದ ಸಿಲಿಕಾವನ್ನೇ ತಿನ್ನಲು ತೊಡಗುತ್ತದೆ. ಜೊತೆಗೆ ನೀರಿನಲ್ಲಿ ಸಿಲಿಕಾ ಕರಗಿದ್ದರೆ ಅದೂ ಒಣಗಿ ಗಾಜಿನ ಮೇಲೆ ಗಾಜಿನಂಥದೇ ಪೊರೆಯಾಗುತ್ತದೆ. ಹೀಗೆ ಸವೆದ ಮೇಲ್ಮೈಯೂ ಸಿಲಿಕಾದ ಪೊರೆಯೂ ವಿನೆಗರ್‌ಗಾಗಲಿ ನಿಂಬೆಹುಳಿಗಾಗಲಿ ಜಗ್ಗುವುದಿಲ್ಲ. ಹೊರಗಿನಿಂದ ನೋಡಿದರೆ ಸುಣ್ಣದ ಕಲೆಯೂ ಇದೂ ಒಂದೇ ಬಗೆಯ ಮಬ್ಬಾಗಿ ಕಾಣುತ್ತವೆ, ಆದ್ದರಿಂದಲೇ ಜನ ಬಾಟಲಿಯ ಮೇಲೆ ಬಾಟಲಿ ತಂದು ಸುರಿದು ಬೇಸತ್ತು ಕೈಬಿಡುತ್ತಾರೆ.

ಎರಡರ ವ್ಯತ್ಯಾಸ ತಿಳಿಯಲು ನಾನು ಕಂಡುಕೊಂಡ ನಂಬಲರ್ಹ ದಾರಿ ಇದು. ಗಾಜನ್ನು ಶಾಂಪೂ ನೀರಿನಿಂದ ತೊಳೆದು ಪೂರ್ತಿ ಒಣಗಿಸಬೇಕು. ಬಿಳಿ ವಿನೆಗರ್‌ನಲ್ಲಿ ಅದ್ದಿದ ಟಿಶ್ಯೂ ಕಾಗದವನ್ನು ಕಲೆಯ ಅರ್ಧ ಭಾಗದ ಮೇಲೆ ಮಾತ್ರ ಹತ್ತು ನಿಮಿಷ ಅಂಟಿಸಿಟ್ಟು, ತೊಳೆದು, ಮತ್ತೆ ಒಣಗಿಸಿ ನೋಡಬೇಕು. ಮುಚ್ಚಿದ್ದ ಅರ್ಧ ತೆಳುವಾಗಿದ್ದರೆ ಅದು ಸುಣ್ಣ, ಆಮ್ಲವೇ ಸಾಕು. ಎರಡು ಸಲ ಹೀಗೆ ಮಾಡಿದರೂ ಎರಡು ಅರ್ಧಗಳ ನಡುವೆ ವ್ಯತ್ಯಾಸ ಕಾಣದಿದ್ದರೆ, ಮತ್ತು ಬೆರಳ ತುದಿಗೆ ಗಾಜು ನುಣುಪಾಗಿಯೇ ಇದ್ದು ಕಣ್ಣಿಗೆ ಮಾತ್ರ ಉಂಗುರ ಕಾಣುತ್ತಿದ್ದರೆ, ಸವೆತ ಗಾಜಿನ ಮೈಯಲ್ಲೇ ಆಗಿದೆ. ಇಲ್ಲಿ ಒಂದು ಎಚ್ಚರಿಕೆ ಅಗತ್ಯ: ಒದ್ದೆ ಗಾಜನ್ನು ನೋಡಿ ಯಾವ ತೀರ್ಮಾನಕ್ಕೂ ಬರಬಾರದು. ಸೂಕ್ಷ್ಮ ಗುಳಿಗಳಲ್ಲಿ ನೀರು ತುಂಬಿಕೊಂಡಾಗ ಬೆಳಕು ಚದರುವುದು ಕಡಿಮೆಯಾಗಿ ಕಲೆಯೆಲ್ಲ ಹೋದಂತೆಯೇ ಕಾಣುತ್ತದೆ. ಒಣಗಿದ ಮೇಲೆ ಅದೇ ಕಲೆ ಅದೇ ಜಾಗದಲ್ಲಿ ಎದ್ದು ಬರುತ್ತದೆ. ನಾನೂ ಮೊದಲ ದಿನ ಹೀಗೆಯೇ ಮೋಸಹೋಗಿ, ಕೆಲಸ ಮುಗಿಯಿತೆಂದು ಎಲ್ಲವನ್ನೂ ಎತ್ತಿಟ್ಟಿದ್ದೆ.

ವಿನೆಗರ್‌ನ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ. ಅದರಲ್ಲಿರುವುದು ಸುಮಾರು ಶೇಕಡಾ 5ರಷ್ಟು ಅಸಿಟಿಕ್ ಆಮ್ಲ. ಒಂದೆರಡು ವಾರದ ಹೊಸ ಕಲೆಗೆ ಅದು ಧಾರಾಳವಾಗಿ ಸಾಕು. ತಿಂಗಳುಗಟ್ಟಲೆ ಕೂತ ಕಲೆಗೆ ಅದನ್ನೇ ನೆಚ್ಚಿಕೊಂಡರೆ ಕೈನೋವು ಬರುತ್ತದೆ, ಅಷ್ಟೇ.

ಇನ್ನು ಜೆಲ್. ನಾನು ಆರಿಸಿದ್ದು ಸಲ್ಫಾಮಿಕ್ ಆಮ್ಲ ಮತ್ತು ಸಿಟ್ರಿಕ್ ಆಮ್ಲ ಎರಡೂ ಇರುವಂಥದ್ದನ್ನು. ಸಲ್ಫಾಮಿಕ್ ಆಮ್ಲ ಬಾಯ್ಲರ್‌ಗಳಲ್ಲಿಯೂ ಕಾಫಿ ಯಂತ್ರಗಳಲ್ಲಿಯೂ ಕಟ್ಟುವ ಸುಣ್ಣದ ಹೊಪ್ಪಳೆ ತೆಗೆಯಲು ಬಳಕೆಯಲ್ಲಿರುವ ವಸ್ತು. ಅದು ಕ್ಯಾಲ್ಸಿಯಂ ಜೊತೆ ಸೇರಿದಾಗ ಆಗುವ ಲವಣ ನೀರಿನಲ್ಲಿ ಚೆನ್ನಾಗಿ ಕರಗುವುದರಿಂದ ತೊಳೆದರೆ ಪೂರ್ತಿ ಹೋಗುತ್ತದೆ. ಆಕ್ಸಾಲಿಕ್ ಆಮ್ಲವಿರುವ ಸಾಮಗ್ರಿಗಳೂ ಸಿಗುತ್ತವೆ, ತುಕ್ಕಿನ ಕಲೆಗೆ ಅವು ಬಹಳ ಒಳ್ಳೆಯವು, ಆದರೆ ಕ್ಯಾಲ್ಸಿಯಂ ಆಕ್ಸಲೇಟ್ ನೀರಿನಲ್ಲಿ ಕರಗದ ಬಿಳಿ ಪುಡಿಯಾದ್ದರಿಂದ ಸುಣ್ಣದ ಕಲೆಗೆ ನಾನು ಅದನ್ನು ಆರಿಸಲಿಲ್ಲ. ಬಾಟಲಿಯ ಹೆಸರಿಗಿಂತ ಹಿಂಬದಿಯ ಚೀಟಿಯಲ್ಲಿ ಯಾವ ಆಮ್ಲದ ಹೆಸರಿದೆ ಎಂಬುದನ್ನು ನೋಡಿ ಕೊಳ್ಳುವುದು ಮೇಲು ಎಂದು ನನ್ನ ಅಭಿಪ್ರಾಯ.

ದ್ರವಕ್ಕಿಂತ ಜೆಲ್ ಏಕೆ ಎನ್ನುವುದು ಮೊದಲ ಬಳಕೆಯಲ್ಲೇ ತಿಳಿಯಿತು. ಬಾಗಿಲಿನ ಗಾಜು ನೆಟ್ಟಗೆ ನಿಂತಿರುತ್ತದೆ. ದ್ರವ ಅರ್ಧ ನಿಮಿಷದಲ್ಲಿ ಇಳಿದುಹೋಗಿ ಕೆಳಗಿನ ರಬ್ಬರಿನಲ್ಲಿ ಸೇರಿಕೊಳ್ಳುತ್ತದೆ, ಜೆಲ್ ಹಚ್ಚಿದಲ್ಲೇ ನಿಲ್ಲುತ್ತದೆ. ನೆರಳಿನಲ್ಲಿ, ಗಾಜು ತಣ್ಣಗಿರುವಾಗ, ಕೈಗವಸು ಮತ್ತು ಕನ್ನಡಕ ಹಾಕಿಕೊಂಡು, ಸುತ್ತಲಿನ ರಬ್ಬರ್, ಬಣ್ಣ ಮತ್ತು ಲೋಹದ ಪಟ್ಟಿಗಳಿಗೆ ಮಾಸ್ಕಿಂಗ್ ಟೇಪ್ ಅಂಟಿಸಿ, ಸ್ಪಂಜಿನಿಂದ ತೆಳ್ಳಗೆ ಹಚ್ಚಿದೆ. ಹತ್ತಿರದಿಂದ ನೋಡಿದರೆ ದಪ್ಪ ಉಂಗುರಗಳ ಅಂಚಿನಲ್ಲಿ ಸಾಸಿವೆಗಿಂತ ಚಿಕ್ಕ ಗುಳ್ಳೆಗಳು ಏಳುತ್ತಿದ್ದವು. ಸುಣ್ಣ ಕರಗುವಾಗ ಹೊರಬೀಳುವ ಇಂಗಾಲದ ಡೈಆಕ್ಸೈಡ್ ಅದು, ಕೆಲಸ ನಡೆಯುತ್ತಿದೆ ಎನ್ನುವುದಕ್ಕೆ ಅದಕ್ಕಿಂತ ಒಳ್ಳೆಯ ಗುರುತು ಬೇರೊಂದಿಲ್ಲ. ಎರಡು ನಿಮಿಷ ಬಿಟ್ಟು, ಒದ್ದೆ ಸ್ಪಂಜಿನಿಂದ ಹಗುರವಾಗಿ ಸುತ್ತಿಸುತ್ತಾ ಉಜ್ಜಿ, ಒಣಗಲು ಬಿಡದೆ ಧಾರಾಳ ನೀರಿನಿಂದ ತೊಳೆದೆ.

ಮುಂದಿನ ಗಾಜು ಒಂದೇ ಸಲಕ್ಕೆ ಹೊಸದರಂತಾಯಿತು. ಅಲ್ಲಿನ ಕಲೆಗಳು ಹಳೆಯವಾಗಿರಲಿಲ್ಲ, ವೈಪರ್ ಓಡಾಡುವ ಜಾಗದಲ್ಲಿ ಅವು ಕೂರಲು ಅವಕಾಶವೂ ಸಿಕ್ಕಿರಲಿಲ್ಲ. ಎಡ ಮುಂಬಾಗಿಲಿನ ಗಾಜಿಗೆ ಎರಡು ಸುತ್ತು ಬೇಕಾಯಿತು. ಎರಡನೆಯ ಸುತ್ತಿನ ನಂತರ ಒಣಗಿಸಿ ಟಾರ್ಚ್ ಹಿಡಿದರೆ ಕೆಳಭಾಗದಲ್ಲಿ ತೀರ ಮಸುಕಾದ ನಾಲ್ಕೈದು ಗುರುತುಗಳಷ್ಟೇ ಉಳಿದಿದ್ದವು, ಹಗಲಿನಲ್ಲಿ ಅವು ಕಣ್ಣಿಗೆ ಬೀಳುವುದಿಲ್ಲ. ಸ್ಪ್ರಿಂಕ್ಲರ್‌ಗೆ ನೇರವಾಗಿ ಸಿಗುತ್ತಿದ್ದ ಎಡ ಹಿಂಬಾಗಿಲಿನ ಗಾಜಿನಲ್ಲಿ ಮಾತ್ರ ಬಿಳುಪು ಹೋಗಿ, ಉಗುರಿಗೆ ತಡೆಯುತ್ತಿದ್ದ ದಪ್ಪ ಹೋಗಿ, ಉಂಗುರಗಳ ನೆರಳು ಹಾಗೆಯೇ ಉಳಿಯಿತು. ಮೂರನೆಯ ಸುತ್ತು, ನಾಲ್ಕನೆಯ ಸುತ್ತು ಏನನ್ನೂ ಬದಲಿಸಲಿಲ್ಲ, ಗುಳ್ಳೆಯೂ ಏಳಲಿಲ್ಲ. ಗುಳ್ಳೆ ನಿಂತ ಮೇಲೆ ಜೆಲ್ ಸುರಿಯುವುದು ವ್ಯರ್ಥ ಎಂಬುದನ್ನು ಅಲ್ಲಿ ಕಲಿತೆ.

ಜೆಲ್‌ನಲ್ಲಿ ನನಗೆ ಕಂಡ ದೋಷಗಳನ್ನೂ ಹೇಳಬೇಕು. ಡಬ್ಬಿಯ ಮೇಲೆ ಎಲ್ಲ ಬಗೆಯ ನೀರುಕಲೆಗಳನ್ನೂ ತೆಗೆಯುತ್ತದೆ ಎಂದು ಬರೆದಿರುವುದು ಸರಿಯಲ್ಲ. ಗಾಜು ಸವೆದಿದ್ದರೆ ಇದು ನೆರವಾಗದು ಎಂಬ ಒಂದು ಸಾಲು ಅಲ್ಲಿದ್ದಿದ್ದರೆ ಎಷ್ಟೋ ಜನರ ಶ್ರಮ ಉಳಿಯುತ್ತಿತ್ತು. ಬಣ್ಣದ ಮೇಲಿನ ಮೇಣವನ್ನು ಇದು ತೆಗೆದುಬಿಡುತ್ತದೆ. ಟೇಪ್ ಸರಿಯಾಗಿ ಕೂರದ ಒಂದು ಕಡೆ ಜೆಲ್ ಜಾರಿ ಕಿಟಕಿಯ ಕೆಳಗಿನ ಹೊಳಪಿನ ಅಲ್ಯೂಮಿನಿಯಂ ಪಟ್ಟಿಯ ಮೇಲೆ ನಿಂತು, ಹೆಬ್ಬೆರಳಗಲದ ಮಂಕು ಗುರುತು ಮಾಡಿತು. ಅದು ಇಂದಿಗೂ ಹೋಗಿಲ್ಲ. ಇಂಥ ಯಾವ ಆಮ್ಲವನ್ನೂ ಬ್ಲೀಚ್ ಇರುವ ದ್ರಾವಣದ ಜೊತೆಗೆ, ಅದೇ ಬಕೆಟ್ಟಿನಲ್ಲಿ ಕೂಡ, ಬೆರೆಸಕೂಡದು. ವಿಷಕಾರಿ ಕ್ಲೋರಿನ್ ಅನಿಲ ಹೊರಬರುತ್ತದೆ.

ಇದಕ್ಕೂ ಮೊದಲು ತಂದು, ಬಳಸದೆ ಹಿಂತಿರುಗಿಸಿದ ಇನ್ನೊಂದು ಬಾಟಲಿಯ ಬಗ್ಗೆ ಹೇಳದೆ ಮುಂದೆ ಹೋಗಲು ಮನಸ್ಸು ಒಪ್ಪುವುದಿಲ್ಲ. ಮುಂಬದಿಯಲ್ಲಿ ಬಹಳ ಪ್ರಬಲ, ಉಜ್ಜುವ ಕೆಲಸವೇ ಇಲ್ಲ ಎಂದೆಲ್ಲ ದೊಡ್ಡ ಅಕ್ಷರಗಳಿದ್ದವು. ಹಿಂಬದಿಯಲ್ಲಿ, ಭೂತಗನ್ನಡಿಯಿಂದ ಓದಬೇಕಾದ ಅಕ್ಷರಗಳಲ್ಲಿ, ಅಮೋನಿಯಂ ಬೈಫ್ಲೋರೈಡ್ ಎಂದಿತ್ತು. ಇದು ನೀರಿನಲ್ಲಿ ಕರಗಿ ಆಮ್ಲೀಯವಾದಾಗ ಹೈಡ್ರೋಫ್ಲೋರಿಕ್ ಆಮ್ಲ ಉಂಟಾಗುತ್ತದೆ. ಸಿಲಿಕಾವನ್ನು ಕರಗಿಸುವ ಆಮ್ಲ ಇದೇ, ಆದ್ದರಿಂದ ಕಲೆಯನ್ನು ಬೇಗ ತೆಗೆಯುತ್ತದೆ ಎನ್ನುವುದು ನಿಜ. ಅದೇ ಕಾರಣಕ್ಕೆ ತುಸು ಹೆಚ್ಚು ಹೊತ್ತು ಬಿಟ್ಟರೆ ಗಾಜನ್ನೂ ತಿಂದು ಶಾಶ್ವತವಾಗಿ ಮಬ್ಬಾಗಿಸುತ್ತದೆ. ಅದಕ್ಕಿಂತ ಮುಖ್ಯವಾಗಿ, ದುರ್ಬಲ ದ್ರಾವಣ ಚರ್ಮಕ್ಕೆ ತಗುಲಿದಾಗ ಕೂಡಲೇ ಉರಿ ತಿಳಿಯದೆ, ಗಂಟೆಗಳ ನಂತರ ತೀವ್ರ ನೋವು ಶುರುವಾಗಬಹುದು, ಅಷ್ಟರಲ್ಲಿ ಅದು ಒಳಗಿಳಿದು ದೇಹದ ಕ್ಯಾಲ್ಸಿಯಂ ಜೊತೆ ಸೇರಿಕೊಂಡಿರುತ್ತದೆ. ತಕ್ಷಣ ನೀರಿನಲ್ಲಿ ತೊಳೆದು ಕ್ಯಾಲ್ಸಿಯಂ ಗ್ಲೂಕೋನೇಟ್ ಜೆಲ್ ಹಚ್ಚಿ ಆಸ್ಪತ್ರೆಗೆ ಹೋಗಬೇಕಾದ ಗಾಯ ಇದು. ಮನೆಯಂಗಳದಲ್ಲಿ, ಮಕ್ಕಳು ಓಡಾಡುವ ಕಡೆ, ಕಾರಿನ ಗಾಜಿನ ಕಲೆಗಾಗಿ ಇಂಥದ್ದನ್ನು ಬಳಸುವ ಅಗತ್ಯ ಯಾರಿಗೂ ಇಲ್ಲ. ಚೀಟಿಯಲ್ಲಿ ಫ್ಲೋರೈಡ್ ಎಂಬ ಪದ ಎಲ್ಲಿ ಕಂಡರೂ ಬಾಟಲಿಯನ್ನು ಕಪಾಟಿನಲ್ಲೇ ಬಿಟ್ಟು ಬನ್ನಿ ಎಂದು ಓದುಗರನ್ನು ಕೇಳಿಕೊಳ್ಳುತ್ತೇನೆ.

ಜೆಲ್ ಕೈಬಿಟ್ಟ ಜಾಗದಲ್ಲಿ ಸೀರಿಯಂ ಆಕ್ಸೈಡ್ ಪುಡಿಯ ಕೆಲಸ ಆರಂಭವಾಗುತ್ತದೆ. ಮಸೂರ ಮತ್ತು ಕನ್ನಡಿ ತಯಾರಿಸುವವರು ಬಹಳ ಕಾಲದಿಂದ ಗಾಜಿಗೆ ಕೊನೆಯ ಹೊಳಪು ಕೊಡಲು ಬಳಸುತ್ತಾ ಬಂದಿರುವ ಪುಡಿ ಇದು. ಮರಳುಕಾಗದದಂತೆ ಬರೀ ಗೀಚಿ ಸವೆಸುವುದಲ್ಲ; ನೀರಿನ ಸಮ್ಮುಖದಲ್ಲಿ ಗಾಜಿನ ಮೇಲ್ಪದರದ ಸಿಲಿಕಾ ಜೊತೆ ರಾಸಾಯನಿಕವಾಗಿಯೂ ವರ್ತಿಸಿ ಅದನ್ನು ಸೂಕ್ಷ್ಮವಾಗಿ ಎತ್ತಿಹಾಕುತ್ತದೆ. ಆದ್ದರಿಂದಲೇ ಇದನ್ನು ಒಣಗಿದ ಸ್ಥಿತಿಯಲ್ಲಿ ಎಷ್ಟು ತಿಕ್ಕಿದರೂ ಪ್ರಯೋಜನವಿಲ್ಲ. ಪೊಟ್ಟಣದಲ್ಲಿದ್ದ ಪುಡಿ ತಿಳಿ ಗುಲಾಬಿ ಛಾಯೆಯದಾಗಿತ್ತು, ನೀರು ಬೆರೆಸಿ ತೆಳು ಮಜ್ಜಿಗೆಗಿಂತ ಗಟ್ಟಿ, ಮೊಸರಿಗಿಂತ ತೆಳು ಎನ್ನುವ ಹದಕ್ಕೆ ತಂದುಕೊಂಡೆ. ತಳಕ್ಕೆ ಇಳಿಯುವ ಗುಣವಿರುವುದರಿಂದ ಆಗಾಗ ಕಲಕುತ್ತಿರಬೇಕು.

ಹಿಂಬಾಗಿಲಿನ ಗಾಜಿನ ಮೇಲೆ, ಸವೆತ ತೀರ ಕಾಣುತ್ತಿದ್ದ ಎರಡು ಅಂಗೈಯಗಲದ ಜಾಗವನ್ನು ಗುರುತಿಸಿಕೊಂಡು, ಒಳಬದಿಯಿಂದ ಟೇಪ್ ಅಂಟಿಸಿ ಗಡಿ ಮಾಡಿಕೊಂಡೆ. ಹೊರಬದಿಯಲ್ಲಿ ಹಿಟ್ಟು ಹರಡಿದ ಮೇಲೆ ಎಲ್ಲಿ ತಿಕ್ಕುತ್ತಿದ್ದೇವೆ ಎಂಬುದೇ ತಿಳಿಯುವುದಿಲ್ಲ, ಈ ಗಡಿ ಇಲ್ಲದಿದ್ದರೆ ಕಲೆಯಿಲ್ಲದ ಜಾಗದಲ್ಲಿ ಕಾಲ ಕಳೆದಂತಾಗುತ್ತದೆ. ಡ್ರಿಲ್‌ನ ವೇಗ ನಿಮಿಷಕ್ಕೆ 1000 ಸುತ್ತಿನ ಆಸುಪಾಸಿನಲ್ಲಿಟ್ಟು, ಪ್ಯಾಡನ್ನು ಒಂದೇ ಕಡೆ ನಿಲ್ಲಿಸದೆ ಅಡ್ಡಲಾಗಿ, ಉದ್ದಕ್ಕೆ ಸಾಗಿಸುತ್ತಾ, ಇನ್ನೊಂದು ಕೈಯಿಂದ ನೀರು ಸಿಂಪಡಿಸುತ್ತಾ ಹೋದೆ. ಪ್ರತಿ ಒಂದು ನಿಮಿಷಕ್ಕೊಮ್ಮೆ ಕೈಯ ಹಿಂಭಾಗವನ್ನು ಗಾಜಿಗೆ ಇಟ್ಟು ನೋಡುತ್ತಿದ್ದೆ. ಬೆಚ್ಚಗೆನಿಸಿದರೆ ನಿಲ್ಲಿಸಿ ತಣಿಯಲು ಬಿಡುತ್ತಿದ್ದೆ. ಈ ಎಚ್ಚರ ಅತಿಯಾದದ್ದೇನಲ್ಲ. ಪಕ್ಕದ ಗಾಜುಗಳು ಸಾಮಾನ್ಯವಾಗಿ ಹದಗೊಳಿಸಿದ ಒಂಟಿ ಗಾಜುಗಳು, ಮುಂದಿನದು ನಡುವೆ ಪ್ಲಾಸ್ಟಿಕ್ ಪೊರೆಯಿಟ್ಟು ಅಂಟಿಸಿದ ಜೋಡಿ ಗಾಜು. ಒಂದೇ ಜಾಗ ಬಿಸಿಯಾದರೆ ಮೊದಲನೆಯದು ಪುಡಿಪುಡಿಯಾಗಬಹುದು, ಎರಡನೆಯದು ಸೀಳಬಹುದು.

ಹದಿನೈದು ನಿಮಿಷದ ನಂತರ ತೊಳೆದು ಒಣಗಿಸಿ ನೋಡಿದಾಗ ಏನೂ ಆಗಿಲ್ಲವೆನಿಸಿತು. ಇಲ್ಲಿ ಬಹಳ ಜನ ಸೋಲುತ್ತಾರೆಂದು ತೋರುತ್ತದೆ. ಸೀರಿಯಂ ಎತ್ತುವುದು ಅತಿ ತೆಳುವಾದ ಪದರವನ್ನು, ಆದ್ದರಿಂದ ಫಲ ನಿಧಾನ. ಮೂವತ್ತನೆಯ ನಿಮಿಷಕ್ಕೆ ಸಣ್ಣ ಉಂಗುರಗಳು ಮಾಯವಾದವು, ಐವತ್ತನೆಯ ನಿಮಿಷಕ್ಕೆ ದೊಡ್ಡವುಗಳ ಒಳಭಾಗ ತಿಳಿಯಾಗಿ ಹೊರ ಅಂಚಿನ ಒಂದು ಎಳೆ ಮಾತ್ರ ಉಳಿಯಿತು, ಮರುದಿನ ಇನ್ನೊಂದು ಅರ್ಧ ಗಂಟೆಯಲ್ಲಿ ಅದೂ ಹೋಯಿತು. ಆ ಎರಡು ಅಂಗೈಯಗಲ ಜಾಗಕ್ಕೂ ಪಕ್ಕದ ಗಾಜಿಗೂ ಇದ್ದ ಅಂತರ ನೋಡಿದ ಮೇಲೆ ಉಳಿದ ಭಾಗವನ್ನೂ ಮಾಡದೆ ಬಿಡಲಾಗಲಿಲ್ಲ. ಪೂರ್ತಿ ಗಾಜಿಗೆ ಮೂರು ಸಂಜೆಗಳು ಹಿಡಿದವು. ಹಿಟ್ಟು ಎಲ್ಲೆಡೆ ಸಿಡಿಯುತ್ತದೆ, ರಬ್ಬರಿನ ಸಂದಿಯಲ್ಲಿ ಒಣಗಿದರೆ ಹಲ್ಲುಜ್ಜುವ ಬ್ರಷ್ಷಿನಿಂದಲೇ ತೆಗೆಯಬೇಕು, ಆದ್ದರಿಂದ ಕಾರಿನ ಪಕ್ಕಕ್ಕೆ ಪ್ಲಾಸ್ಟಿಕ್ ಹಾಳೆ ಇಳಿಬಿಡುವುದು ಒಳ್ಳೆಯದು. ಪುಡಿಯನ್ನು ಬಿಡಿಸುವಾಗ ಗಾಳಿಯಲ್ಲಿ ಏಳುವ ಧೂಳನ್ನು ಉಸಿರಾಡದಂತೆ ಮುಖಗವಸು ಹಾಕಿಕೊಳ್ಳಬೇಕು.

ಈ ಪುಡಿಗೆ ನಾನು ಮನಸಾರೆ ಒಳ್ಳೆಯ ಮಾತು ಹೇಳುತ್ತೇನೆ, ಎರಡು ಷರತ್ತುಗಳೊಂದಿಗೆ. ಚಾಲಕನ ಕಣ್ಣಿಗೆ ನೇರವಾಗಿ ಬರುವ ಮುಂದಿನ ಗಾಜಿನ ಭಾಗದಲ್ಲಿ ಒಂದೇ ಜಾಗವನ್ನು ಬಹಳ ಹೊತ್ತು ತಿಕ್ಕಬಾರದು, ಅಲ್ಲಿ ತಗ್ಗಾಗಿ ನೋಟ ಅಲುಗಿದಂತೆ ಕಾಣುತ್ತದೆ. ಸವೆತ ಆಳವಾಗಿದ್ದರೆ ಗಾಜು ಬದಲಿಸುವುದೇ ಸರಿ. ಎರಡನೆಯದಾಗಿ, ಇದನ್ನು ಹೊರಮೈಗೆ ಮಾತ್ರ ಬಳಸಬೇಕು. ಒಳಬದಿಯಲ್ಲಿ ಬಣ್ಣದ ಫಿಲ್ಮ್ ಇರಬಹುದು, ಹಿಂದಿನ ಗಾಜಿನ ಒಳಬದಿಯಲ್ಲಿ ಮಂಜು ಕರಗಿಸುವ ತಂತಿಗೆರೆಗಳಿರುತ್ತವೆ, ಅವುಗಳಲ್ಲಿ ಒಂದು ತುಂಡಾದರೂ ಆ ಸಾಲು ಕೆಲಸ ನಿಲ್ಲಿಸುತ್ತದೆ.

ಕಬ್ಬಿಣದ ನಾರಿನ ತೀರ ನಯವಾದ ಬಗೆಯಾದ 0000 ದರ್ಜೆಯದನ್ನು ಜೆಲ್ ಜೊತೆ ಬಳಸಿ ಎಂದು ಹಲವರು ಹೇಳುತ್ತಾರೆ. ಉಪಯುಕ್ತವೇ ಹೌದು, ದಪ್ಪ ಸುಣ್ಣ ಬೇಗ ಬಿಡುತ್ತದೆ. ಆದರೆ ಯಾವುದೇ ಲೇಪನವಿರುವ ಗಾಜಿಗೂ ಪಕ್ಕದ ಕನ್ನಡಿಗಳಿಗೂ ಅದು ಸಲ್ಲದು, ಉದುರಿದ ಎಳೆಗಳು ಬಣ್ಣದ ಮೇಲೆ ಉಳಿದರೆ ಮರುದಿನ ತುಕ್ಕಿನ ಚುಕ್ಕೆಗಳಾಗುತ್ತವೆ. ಬ್ಲೇಡಿನ ಗೋಜಿಗೆ ಹೋಗಬೇಡಿ. ಅಂಚಿನಡಿ ಒಂದು ಮರಳಿನ ಕಣ ಸಿಕ್ಕಿದರೂ ಗೀರು ಉದ್ದಕ್ಕೆ ಹೋಗುತ್ತದೆ, ಆ ಗೀರಿಗೆ ಸೀರಿಯಂ ಕೂಡ ಉತ್ತರವಲ್ಲ.

ಎಲ್ಲ ಮುಗಿದ ಮೇಲೆ ಗಾಜಿಗೆ ನೀರು ನಿಲ್ಲದಂತೆ ಮಾಡುವ ಸಿಲಿಕೋನ್ ಆಧಾರದ ಲೇಪನ ಹಚ್ಚಿದೆ. ಹನಿ ಉರುಳಿ ಹೋಗುವುದು ಚಲಿಸುವ ಕಾರಿನಲ್ಲಿ ಮಾತ್ರ. ನಿಂತ ಕಾರಿನ ಮೇಲೆ ಹನಿ ಗುಂಡಗೆ ಕೂತು ಅಲ್ಲೇ ಒಣಗುವುದರಿಂದ ಕಲೆ ಬೀಳುವುದು ತಪ್ಪುವುದಿಲ್ಲ, ಆದರೆ ಅದು ಗಾಜಿಗೆ ನೇರವಾಗಿ ಅಂಟದೆ ವಿನೆಗರ್‌ನಲ್ಲೇ ಬಿಡುತ್ತದೆ, ಅಷ್ಟರಮಟ್ಟಿಗೆ ಈ ಲೇಪನ ಸಾರ್ಥಕ. ತೊಳೆದಾಗ ಕೊನೆಯ ಸುತ್ತಿಗೆ ಖನಿಜ ತೆಗೆದ ನೀರು ಅರ್ಧ ಬಕೆಟ್ ಸಾಕು, ಇಲ್ಲವೇ ಕೂಡಲೇ ಮೈಕ್ರೋಫೈಬರ್ ಬಟ್ಟೆಯಿಂದ ಒರೆಸಿದರೂ ಆಯಿತು.

ಸ್ಪ್ರಿಂಕ್ಲರ್ ಮೂತಿಯನ್ನು ಇಕ್ಕಳದಿಂದ ಹುಲ್ಲಿನ ಕಡೆಗೆ ತಿರುಗಿಸಿ ಐದು ವಾರಗಳಾದವು. ಎಡ ಹಿಂಬಾಗಿಲಿನ ಗಾಜು ಈಗ ಬಲಬದಿಯದಕ್ಕಿಂತ ಹೆಚ್ಚು ತಿಳಿಯಾಗಿದೆ. ಹಿಂದಿನ ಗಾಜಿನ ಮೂಲೆಯಲ್ಲಿ ಮಾತ್ರ, ಬಳುಕಿರುವ ಅಂಚಿನಲ್ಲಿ ಪ್ಯಾಡ್ ಸಮನಾಗಿ ಕೂರದ ಕಡೆ, ಎರಡು ಉಂಗುರಗಳನ್ನು ಹಾಗೆಯೇ ಬಿಟ್ಟಿದ್ದೇನೆ. ಅಲ್ಲಿ ಒತ್ತಿ ತಿಕ್ಕಿ ಗಾಜನ್ನು ಬಿಸಿ ಮಾಡುವ ಧೈರ್ಯ ನನಗೆ ಬರಲಿಲ್ಲ.